ಪೂವಪ್ಪನ ಬಲಗಿವಿ

ಪೂವಪ್ಪನಿಗೆ ಕಿವಿ ಎರಡಿದ್ದವು, ಕೇಳುತ್ತಿದ್ದದ್ದು ಒಂದೇ. ಹೆಂಡತಿ ಮೋಹಿನಿಯನ್ನು ಕೇಳಿದರೆ ಅದೂ ಸುಳ್ಳು. ಯಾರ ಮಾತೂ ಕೇಳದ ಗಂಡಸಿಗೆ ದೇವರು ಕಿವಿ ಕೊಟ್ಟದ್ದೇ ದಂಡ ಎಂದು ಅವಳ ವಾದ. ಇರಲಿ, ಎಡಗಿವಿ ಹೋದ ಕಥೆಯನ್ನು ಮೊದಲು ಹೇಳಬೇಕು. ಆಸಾಮಿಯ ಪೂರ್ತಿ ಜಾತಕ ಅದರಲ್ಲೇ ಇದೆ.

ಉಳ್ಳಾಲದ ಕಡಲಲ್ಲಿ ಮುಳುಗಿ, ಬಂಡೆಗೆ ಕಚ್ಚಿದ ಪಚ್ಚಿಲೆ ಚಿಪ್ಪು ಕೀಳುತ್ತಾ ಬೆಳೆದವನು ಅವನು. ಮುಂಬಯಿಗೆ ಬಂದವನೇ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಎರಡು ವರ್ಷ ಇಡ್ಲಿ ಹಿಟ್ಟು ರುಬ್ಬಿದ. ಅಲ್ಲಿಗೆ ಚಹಾಕ್ಕೆ ಬರುತ್ತಿದ್ದ ಊರಿನವನೇ ಆದ ಕೊರಗಪ್ಪ, ಹಡಗುಕಟ್ಟೆಯಲ್ಲಿ ಮುಳುಗುಗಾರ. "ಮುಳುಗುವುದಕ್ಕೆ ಸಂಬಳ ಬೇರೆ ಕೊಡ್ತಾರಾ? ನಾನು ನಡೆಯುವ ಮೊದಲು ಮುಳುಗಿದವ ಮಾರಾಯ್ರೆ!" ಎಂದು ಪೂವಪ್ಪ ಕೊಚ್ಚಿಕೊಂಡ. ಕೊರಗಪ್ಪ ಚಹಾ ಮುಗಿಸಿ, ಮರುವಾರ ಅವನನ್ನು ಹಡಗುಕಟ್ಟೆಗೆ ಕರೆದುಕೊಂಡು ಹೋದ. ಅದು ೧೯೫೧.

ಅಲ್ಲಿ ನೋಡಿದರೆ ವೇಷವೇ ಬೇರೆ. ಮೈಗೆ ರಬ್ಬರಿನ ಅಂಗಿ, ಕಾಲಿಗೆ ಸೀಸದ ಬೂಟು, ತಲೆಗೆ ಗಾಜಿನ ಕಿಟಕಿಯಿದ್ದ ತಾಮ್ರದ ಹಂಡೆ. ಮೇಲೆ ಇಬ್ಬರು ಪಂಪು ತಿರುಗಿಸಿದರೆ ಕೊಳವೆಯಲ್ಲಿ ಗಾಳಿ ಬರುತ್ತದೆ. ಕೊರಗಪ್ಪ ತಿಳಿಸಿ ಹೇಳಿದ: "ಮೂಗಿನ ಹಿಂದಿನಿಂದ ಕಿವಿಗೆ ಒಂದು ಸಣ್ಣ ಓಣಿ ಉಂಟು. ಇಳಿದ ಹಾಗೆ ಹೊರಗಿನ ಒತ್ತಡ ಕಿವಿಯ ಪರದೆಯನ್ನು ಒಳಗೆ ನೂಕ್ತದೆ. ಓಣಿ ತೆರೆದು ಒಳಗೂ ಗಾಳಿ ಬಿಡಬೇಕು. ಎಂಜಲು ನುಂಗು, ದವಡೆ ಆಡಿಸು. ನೋವು ಬರುವ ಮೊದಲೇ ಮಾಡು, ಬಂದ ಮೇಲೆ ಅಲ್ಲ. ತೆರೆಯದಿದ್ದರೆ ನಿಲ್ಲು, ಸ್ವಲ್ಪ ಮೇಲೆ ಬಾ. ಆಗಲೂ ಆಗದಿದ್ದರೆ ಸೊಂಟಕ್ಕೆ ಕಟ್ಟಿದ ಹಗ್ಗ ನಾಲ್ಕು ಸಲ ಎಳೆ, ಎತ್ತುತ್ತೇವೆ. ಗೊತ್ತಾಯ್ತಾ?"

"ನನಗೆ ಕಲಿಸ್ಬೇಡಿ. ಮೂಗು ಹಿಡಿದು ಮೆಲ್ಲ ಊದಿದರೆ ಆಯ್ತು" ಎಂದ ಪೂವಪ್ಪ. ಊರಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿದ್ದ ವಿದ್ಯೆ ಅದು.

ಇಳಿದ. ಹನ್ನೆರಡು ಅಡಿಗೆ ಕಿವಿ ಬಿಗಿಯಿತು. ಮೂಗು ಹಿಡಿಯಲು ಕೈ ಎತ್ತಿದ. ಕೈ ಹೋಗಿ ಗಾಜಿಗೆ ಬಡಿಯಿತು! ಮೂಗು ಒಳಗೆ, ಕೈ ಹೊರಗೆ. ಕೊರಗಪ್ಪ ಹೇಳಿದ್ದನ್ನು ಆಗಲಾದರೂ ನೆನೆಯಬಾರದೇ? ಹಗ್ಗ ಎಳೆದರೆ ಮರ್ಯಾದೆ ಏನಾಗಬೇಕು ಎಂದು ಹಲ್ಲು ಕಚ್ಚಿ ಇಳಿದೇ ಇಳಿದ. ಮೇಲೆ ಬಂದಾಗ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಗಾಯ ಮಾಯಿತು, ಕೇಳುವುದು ಮಾತ್ರ ಮರಳಲಿಲ್ಲ.

"ಇನ್ನು ಉಳಿದದ್ದು ಒಂದೇ" ಎಂದರು ಡಾಕ್ಟರು. ಆಮೇಲೆ ಪೂವಪ್ಪ ನಿಜವಾಗಿಯೂ ಕಲಿತ. ಹಂಡೆಯ ಒಳ ಅಂಚಿಗೆ ಮೂಗು ಒತ್ತಿ ಹದವಾಗಿ ಊದುವುದನ್ನು, ಒಂದೊಂದು ಗೇಣಿಗೂ ಎಂಜಲು ನುಂಗುವುದನ್ನು ರೂಢಿಸಿಕೊಂಡ. ನಾಲ್ಕು ಸಲ ಹಗ್ಗ ಎಳೆಯುವುದನ್ನು ಮಾತ್ರ ಕಲಿಯಲಿಲ್ಲ. ಐದು ವರ್ಷದಲ್ಲಿ ಒಮ್ಮೆಯೂ ಕೆಲಸ ಬಿಟ್ಟು ಮೇಲೆ ಬಂದವನಲ್ಲ ಎಂದು ಕುರ್ಲಾದ ಚಾಳಿನಲ್ಲೆಲ್ಲ ಹೇಳಿಕೊಂಡು ತಿರುಗಿದ.

ಆ ಚಾಳಿನಲ್ಲೇ ಅವನ ಸಂಸಾರ. ಸಂಸಾರ ಎಂದರೆ ಜಗಳ. ಮೀನಿಗೆ ಹುಳಿ ಹೆಚ್ಚಾಯಿತೆಂದು ಇವನು ಶುರು ಮಾಡಿದರೆ, ಇವನ ಅಜ್ಜಿಯ ಕಾಲದ ತಪ್ಪುಗಳವರೆಗೂ ಅವಳು ಹೋಗುತ್ತಿದ್ದಳು. ಅವಳಷ್ಟು ಚಂದ ಬೈಯುವವರು ಇಡೀ ಮುಂಬಯಿಯಲ್ಲಿ ಇರಲಿಲ್ಲ. ಅವಳ ಎಡಗಡೆ ಕೂತು, ಬಲಗಿವಿ ಕೊಟ್ಟು, ಒಂದೊಂದಕ್ಕೂ ಉತ್ತರ ಹುಡುಕುವುದೇ ಪೂವಪ್ಪನಿಗೆ ದಿನದ ಹಬ್ಬ.

೧೯೫೬ರ ಜನವರಿಯಲ್ಲಿ ಒಂದು ದಿನ ಅವನಿಗೆ ಭರ್ಜರಿ ನೆಗಡಿ. ಅವತ್ತೇ ಒಂದು ಹಡಗಿನ ಪ್ರೊಪೆಲ್ಲರಿಗೆ ತಂತಿಹಗ್ಗ ಸುತ್ತಿಕೊಂಡಿತ್ತು. ನೆಗಡಿಯಲ್ಲಿ ಇಳಿಯಬಾರದು, ಓಣಿ ಮುಚ್ಚಿರುತ್ತದೆ ಎಂದು ಕೊರಗಪ್ಪ ನೂರು ಸಲ ಹೇಳಿದ್ದ. ಪಕ್ಕದ ಖೋಲಿಯ ವಿಜಾಪುರದ ರಾಚವ್ವ ಬೇರೆಯೇ ಹೇಳಿದಳು.

"ನೀರಾಗ ಇಳಿಯಾಂವ ಕಿವಿ ತೆರಕೊಂಡ ಹೋಗ್ತಾನೇನ್ರೀ? ಬಳ್ಳೊಳ್ಳಿ ಎಣ್ಣಿ ಕಾಸಿ, ಅರಳಿ ಅದ್ದಿ, ಮ್ಯಾಲೆ ಜೇನುಮೇಣ ಮೆತ್ತಿ ತುರುಕ್ರಿ. ಹನಿ ನೀರ ಹೋಗಂಗಿಲ್ಲ!"

ಹಂಡೆಯೊಳಗೆ ನೀರೇ ಇರುವುದಿಲ್ಲ, ಇರುವುದು ಗಾಳಿ ಎಂದು ಪೂವಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕಿವಿಗೆ ಎಣ್ಣೆಹತ್ತಿ ಇಟ್ಟರೆ ಒಳ್ಳೆಯದೇ ಎಂದು ತಾಯಿ, ಅಜ್ಜಿ, ಈಗ ಹೆಂಡತಿ, ಎಲ್ಲರೂ ಹೇಳಿದ್ದು. ಮೋಹಿನಿ ಬಲಗಿವಿಗೆ ಹತ್ತಿ ತುರುಕಿದಳು. ಇವನೂ ಧೈರ್ಯವಾಗಿ ಹೋದ.

ಎಂಟು ಅಡಿಗೇ ನೋವು ಹತ್ತಿತು. ಮೂಗು ಒತ್ತಿ ಊದಿದ. ಸಿಂಬಳ ಮಿಸುಕಿತು, ಓಣಿ ತೆರೆಯಲಿಲ್ಲ. ನುಂಗಿದ, ದವಡೆ ಆಡಿಸಿದ. ಒಂದಡಿ ಮೇಲೆ ಬಂದು ಮತ್ತೆ ನೋಡಿದ, ಊಹೂಂ. ಹಂಡೆಯ ಗಾಳಿ ಒತ್ತಿದಂತೆ ಮೇಣದ ಹತ್ತಿ ಒಳಕ್ಕೇ ಹೊರಟಿತು. ಯಾರೋ ಹೆಬ್ಬೆರಳಿಟ್ಟು ತಲೆಗೆ ನೂಕಿದಂತೆ ಆಯಿತು. ಕಿತ್ತು ಬಿಸಾಡೋಣವೆಂದರೆ ಅದೇ ಹಣೆಬರಹ: ಕಿವಿ ಒಳಗೆ, ಕೈ ಹೊರಗೆ.

ಹಲ್ಲು ಕಚ್ಚಿ ಇಳಿಯಲು ಹೊರಟ. ಆಗ ಅವನ ತಲೆಗೆ ಬಂದದ್ದು ದೇವರಲ್ಲ, ಸಂಬಳವಲ್ಲ, ಮೋಹಿನಿ. ಇದೂ ಹೋದರೆ ಅವಳು ಬೈಯುತ್ತಾಳೆ, ಬಾಯಿ ಆಡುವುದು ಕಾಣುತ್ತದೆ, ಏನಂದಳೆಂದು ಗೊತ್ತಾಗುವುದಿಲ್ಲ. ಸಾಯುವವರೆಗೂ ಪ್ರತಿ ಜಗಳದಲ್ಲೂ ಅವಳೇ ಗೆಲ್ಲುತ್ತಾಳೆ! ಅಯ್ಯೋ ದೇವರೇ, ಮರ್ಯಾದೆ ಹಾಳಾಗಿ ಹೋಗಲಿ ಎಂದು ಪೂವಪ್ಪ ಹಗ್ಗವನ್ನು ನಾಲ್ಕು ಸಲ ಎಳೆದ.

ಹಂಡೆ ಕಳಚಿದಾಗ ಪಂಪಿನವರು ನಗುತ್ತಿದ್ದರು. ನಗುವುದು ಕಂಡಿತು, ಕೇಳಲಿಲ್ಲ. ಹತ್ತಿ ಎಷ್ಟು ಒಳಗೆ ಹೋಗಿತ್ತೆಂದರೆ ಬೆರಳಿಗೆ ಸಿಗಲಿಲ್ಲ. ಕೊರಗಪ್ಪ ಡಾಕ್ಟರ ಹತ್ತಿರ ನಡಿ ಎಂದು ಕೈಸನ್ನೆ ಮಾಡಿದ. ಇವನು ಅದನ್ನಾದರೂ ಕೇಳಬೇಕಲ್ಲ! ಸೀದಾ ಲೋಕಲ್ ಹತ್ತಿ ಮನೆಗೆ ಬಂದ.

ಮಧ್ಯಾಹ್ನ ಬಲಗಿವಿ ತೋರಿಸುತ್ತಾ ಬಾಗಿಲಲ್ಲಿ ನಿಂತ ಗಂಡನನ್ನು ಕಂಡು ಮೋಹಿನಿಗೆ ವಿಷಯ ಅರ್ಥವಾಯಿತು. ಬೆಳಕಿಗೆ ಕೂರಿಸಿ, ಉಸಿರು ಬಿಗಿಹಿಡಿದು ಕೂದಲ ಪಿನ್ನಿನಿಂದ ಹತ್ತಿ ಎಳೆದಳು. ತುದಿಯಲ್ಲಿ ಒಂದು ಚುಕ್ಕೆ ರಕ್ತ.

ಪೂವಪ್ಪ ಕಾದು ಕೂತ. ಏನೂ ಕೇಳಲಿಲ್ಲ. ಚಾಳಿನ ಹಿಂದೆ ರೈಲು ಹೋಯಿತು. ಕೇಳಿದ್ದೋ, ನೆಲ ನಡುಗಿ ಗೊತ್ತಾದದ್ದೋ ತಿಳಿಯಲಿಲ್ಲ. ತಿರುಗಿ ನೋಡಿದ. ಮೋಹಿನಿ ರಕ್ತದ ಹತ್ತಿ ಹಿಡಿದು ಸುಮ್ಮನೆ ನಿಂತಿದ್ದಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ಮೊದಲ ಸಲ ಅವಳ ಬಾಯಿ ಅಲ್ಲಾಡುತ್ತಿರಲಿಲ್ಲ.

"ಏನಾದ್ರೂ ಹೇಳು ಮಾರಾಯ್ತಿ" ಎಂದ. ಅಳು ಬಂದಿತ್ತು. "ಬೈಯಾದ್ರೂ ಬೈ!"

"ಎಂತ ಬೈಯುವುದು?" ಎಂದಳು ಮೋಹಿನಿ, ತೀರಾ ಮೆಲ್ಲಗೆ. "ತುರುಕಿದ್ದು ನಾನೇ ಅಲ್ವಾ?"

ಅಷ್ಟು ಮೆಲ್ಲಗಿನ ಮಾತನ್ನು ಅವಳ ಬಾಯಿಂದ ಅವನು ಹಿಂದೆಂದೂ ಕೇಳಿರಲಿಲ್ಲ. ಪ್ರತಿ ಅಕ್ಷರವೂ ಕೇಳಿತು.