ಸೋಮವಾರದ ಹಾಲು

ಗೋಳಗುಮ್ಮಟ ನೋಡಲು ಬರುವವರಿಂದ ವಿಜಾಪುರ ಉದ್ಧಾರವಾಯಿತು ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಉದ್ಧಾರವಾದವನು ಬಸಗೊಂಡಪ್ಪ. ಮಹಾಯುದ್ಧ ಮುಗಿದ ಮೇಲೆ ರೈಲು ಇಳಿಯುವ ಸಾಹೇಬರ, ಮುಂಬೈ ಶೇಟಜಿಗಳ ದಂಡು ಹೆಚ್ಚಿತು. ಸ್ಟೇಶನ್ನಿನ ಎದುರು ಖಾನಾವಳಿ ತೆರೆದ ಆತ, ಅವರ ಚಹಾಕ್ಕೆಂದು ನಮ್ಮ ಓಣಿಯ ಹಾಲನ್ನೆಲ್ಲ ದುಪ್ಪಟ್ಟು ದರಕ್ಕೆ ಬಾಚಿಕೊಂಡ. ಮಾರಿದವರನ್ನು ಏನೆನ್ನಲಿ? ಆದರೆ ಓಣಿಯ ಮಕ್ಕಳು ಕರಿಚಹಾದಲ್ಲಿ ರೊಟ್ಟಿ ಅದ್ದಿ ತಿನ್ನುವಂತಾಯಿತು.

ನಮ್ಮ ಓಣಿಯ ಗುರುಸಿದ್ದವ್ವನೂ ಆತನಿಗೇ ಹಾಲು ಮಾರುತ್ತಿದ್ದಳು. ಗಂಡನಿಲ್ಲದ ಮನೆ, ಕಟ್ಟಿದ ಎಮ್ಮೆಗಳ ಹೊಟ್ಟೆ ತುಂಬಬೇಕು. ಆದರೆ ಸೋಮವಾರ ಒಂದು ಹನಿಯನ್ನೂ ಮಾರುತ್ತಿರಲಿಲ್ಲ. ಬಸವಣ್ಣನ ವಾರ; ಎತ್ತಿನ ಹೆಗಲಿಗೆ ನೊಗವಿಲ್ಲ, ಹಾಲಿಗೆ ದರವಿಲ್ಲ. ಅದು ಆಕೆಯ ಅತ್ತೆಯ ಕಾಲದ ನೇಮ. ಅಂದು ಓಣಿಯ ಮಕ್ಕಳು ತಂಬಿಗೆ ಹಿಡಿದು ಆಕೆಯ ಮನೆಯ ಕಟ್ಟೆಯ ಮುಂದೆ ನಿಲ್ಲುತ್ತಿದ್ದವು. ಯಾರ ಮಗು ಎಂದು ಕೇಳದೆ ಒಂದೊಂದು ಸೌಟು ಹಾಕುತ್ತಿದ್ದಳು. ಅವು ಹಾಲಿನ ಮುಖ ಕಾಣುತ್ತಿದ್ದುದು ಅಂದು ಮಾತ್ರ.

ಚಳಿಗಾಲದ ಒಂದು ಸೋಮವಾರ ಸಾಹೇಬರ ದೊಡ್ಡ ಗುಂಪೇ ಬಂದಿಳಿಯಿತು. ಬಸಗೊಂಡಪ್ಪ ಆಳಿನ ತಲೆಯ ಮೇಲೆ ತಾಮ್ರದ ಹಂಡೆ ಹೊರಿಸಿಕೊಂಡು ತಾನೇ ಓಣಿಗೆ ಬಂದ. ನೇಮ ಆತನಿಗೆ ಗೊತ್ತಿಲ್ಲದ್ದೇನಲ್ಲ, ಆತನ ತಾಯಿಯೂ ಪಾಲಿಸಿದವಳೇ. ಅದಕ್ಕೇ ಉಪಾಯ ಹೂಡಿದ್ದ.

“ಮಾರೂದು ಬ್ಯಾಡ ಬಿಡಬೇ. ಕೇಳಿದವ್ರಿಗೆ ಪುಕ್ಕಟ ಕೊಡ್ತಿಯಲ್ಲ? ನಾ ಕೇಳಾಕತ್ತೇನಿ. ಹಂಡೆ ತುಂಬ್ಸು.”

ಇಲ್ಲವೆಂದರೆ ನಾಳೆಯಿಂದ ಆಕೆಯ ಹಾಲು ಮುಟ್ಟುವುದಿಲ್ಲ ಎಂದೂ ಹೇಳಿದ. ಮಕ್ಕಳು ಹಂಡೆಯನ್ನೇ ನೋಡುತ್ತ ನಿಂತವು.

ಗುರುಸಿದ್ದವ್ವ ಸೆರಗು ಸರಿಮಾಡಿಕೊಂಡಳು. “ಕೇಳಿದವ್ರಿಗೆ ಇಲ್ಲ ಅನ್ನೂದಿಲ್ರಿ. ಆದ್ರ ಪಾಳಿ ಹಚ್ಚಬೇಕು.”

ಓಣಿಗೆ ಓಣಿಯೇ ನೋಡುತ್ತಿತ್ತು. ಪಟಗಾ ಸುತ್ತಿದ ಆ ದೊಡ್ಡ ಮನುಷ್ಯ ಧೂಳಪ್ಪನ ಪುಟ್ಟ ಮಗಳ ಹಿಂದೆ ನಿಂತ! ಸರದಿ ಬಂದಾಗ ಗುರುಸಿದ್ದವ್ವ ಆತನ ಹಂಡೆಗೂ ಒಂದೇ ಸೌಟು ಸುರಿದಳು. ತಳ ಸಹ ನೆನೆಯಲಿಲ್ಲ.

“ಸಾಹೇಬ್ರಿಗೆ ಸಾಲದಿದ್ರ ಅವ್ರನ್ನೂ ಕರ್ಕೊಂಡ ಬರ್ರಿ,” ಅಂದಳು. “ಪಾಳಿನಾಗ ನಿಂದರ್ಲಿ.”

ಆತ ಆಡಿದಂತೆಯೇ ಮರುದಿನದಿಂದ ಆಕೆಯ ಹಾಲು ಕೊಳ್ಳುವುದನ್ನು ಬಿಟ್ಟ. ಆಕೆ ಒಂದು ಎಮ್ಮೆಯನ್ನು ಮಾರಬೇಕಾಯಿತು. ಉಳಿದವುಗಳ ಹಾಲನ್ನು ಓಣಿಯ ಮನೆಗಳಿಗೆ ಹಳೆಯ ದರಕ್ಕೇ ಹಾಕತೊಡಗಿದಳು. ಮಕ್ಕಳ ಪಾಳಿ ಮಾತ್ರ ತಪ್ಪಲಿಲ್ಲ. ಅದು ಮುಗಿದ ಮೇಲೆ ಪ್ರತಿ ಸೋಮವಾರ ಒಂದು ಸೌಟು ಹಾಲನ್ನು ತಂಬಿಗೆಯಲ್ಲಿ ಹಿಡಿದು ಸ್ಟೇಶನ್ನಿನವರೆಗೆ ನಡೆದು ಹೋಗುತ್ತಿದ್ದಳು. ಚಹಾ ಕುಡಿಯುತ್ತಿದ್ದ ಸಾಹೇಬರೆದುರೇ ಅದನ್ನು ಬಸಗೊಂಡಪ್ಪನ ಮುಂದಿಟ್ಟು, ಇದು ನಿಮ್ಮ ಪಾಲು ಎಂದು ಹೇಳಿ ಬರುತ್ತಿದ್ದಳು.