ಬೆಳ್ಳಕ್ಕಿಗೂ ಪ್ಲಾಂಕ್ಟನ್ನಿಗೂ ಒಂದೇ ಇರುವುದು

ಕಮಲಾಪುರದಿಂದ ಬಸ್ಸಿನಲ್ಲಿ ಕಲಬುರಗಿಯ ನಮ್ಮ ಕಾಲೇಜಿಗೆ ಬರುತ್ತಿದ್ದ ಜೀವಶಾಸ್ತ್ರದ ಮೇಡಂ ಅತಿಥಿ ಉಪನ್ಯಾಸಕಿ. ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು, ಬೋರ್ಡಿನ ಮೇಲೆ ಎರಡು ಜೀವಿಗಳ ಹೆಸರು ಬರೆದು, "ಮೊದಲ, ಎರಡರಾಗೂ ಒಂದೇ ಇರೋದು ಹೇಳ್ರಿ, ಫರಕ್ ಆಮ್ಯಾಲ" ಎನ್ನುತ್ತಿದ್ದರು.

ಒಮ್ಮೆ ಬೆಳ್ಳಕ್ಕಿ ಮತ್ತು ಕಡಲಿನ ಪ್ಲಾಂಕ್ಟನ್ ಎಂದು ಬರೆದರು. ಬೆಳ್ಳಕ್ಕಿಯನ್ನು ಕೆರೆಯಂಚಿನಲ್ಲಿ ಕಂಡಿದ್ದೆವು. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿ ಪ್ಲಾಂಕ್ಟನ್ ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣುವುದಿಲ್ಲ. ನಾವು ಕಡಲನ್ನೂ ಕಂಡಿರಲಿಲ್ಲ.

"ಒಂದು ದೊಡ್ಡದದ, ಒಂದು ಸಣ್ಣದದ, ಮೇಡಂ" ಎಂದು ವ್ಯತ್ಯಾಸ ಹೇಳಿದೆ.

"ಅದು ಫರಕ್. ಕೂಡ್ರಿ."

ಆಮೇಲೆ ತಾವೇ ಹೇಳಿದರು: "ಎರಡೂ ನೀರು ನಂಬಿ ಬದುಕ್ತಾವ. ನೀರು ಯಾವುದರದ್ದೂ ಅಲ್ಲ."

ವರ್ಷದ ನಡುವೆ ಕಾಲೇಜಿಗೆ ಕಾಯಂ ಉಪನ್ಯಾಸಕರು ಬಂದರು. ಕಾಯಂ ಆದವರು ಬಂದರೆ ಅತಿಥಿ ಹೋಗಬೇಕು. ಮೇಡಂ ಆ ಹೊಸ ಸರ್ ಅವರನ್ನು ತಾವೇ ತರಗತಿಗೆ ಕರೆತಂದರು. ಪಕ್ಕದಲ್ಲಿ ನಿಂತು ಕೇಳಿದರು: "ನಾನು, ಈ ಸರ್. ಇಬ್ಬರಾಗೂ ಒಂದೇ ಇರೋದು ಹೇಳ್ರಿ."

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಇಬ್ರೂ ಜೀವಶಾಸ್ತ್ರ ಕಲಿಸ್ತೀರಿ, ಮೇಡಂ."

"ಬರೋಬರಿ ಅದ" ಎಂದು ಒಪ್ಪಿ ಚಾಕ್‌ಪೀಸನ್ನು ಸರ್ ಕೈಗಿಟ್ಟು ಹೊರಟರು.

ಅಂದು ಮೇಡಂ ಫರಕ್ ಕೇಳಲಿಲ್ಲ.