ನಾಲಿಗೆಯ ಮೇಲಿನ ಮಣ್ಣು

ಕಮಲಾಪುರದ ದತ್ತಪ್ಪನಿಗೆ ಮಣ್ಣು ಪರೀಕ್ಷೆಯ ಚೀಟಿಗಿಂತ ತನ್ನ ನಾಲಿಗೆಯ ಮೇಲೇ ಭರವಸೆ ಹೆಚ್ಚು. ಕಾಲುವೆ ನೀರು ನಿಂತು ಎರಡೆಕರೆ ಹೊಲಕ್ಕೆ ಉಪ್ಪಿನ ಸವಳು ಹತ್ತಿ, ಕೆಂಪು ಬಾಳೆಯೆಲ್ಲ ಸುಟ್ಟುಹೋದ ಮೇಲೆ ಅವನು ಒಂಬತ್ತು ವರ್ಷ ಬಿಡದೆ ದುಡಿದ. ಬಸಿಗಾಲುವೆ ತೋಡಿದ, ಜಿಪ್ಸಂ ಹಾಕಿದ, ಸವಳು ತಾಳುವ ಹಸಿರು ಗೊಬ್ಬರದ ಗಿಡ ಡಯಂಚಾ ಬಿತ್ತಿ ಹೂ ಬಿಡುವ ಮೊದಲೇ ಮಣ್ಣಿಗೆ ಸೇರಿಸಿ ಉತ್ತ. ಪ್ರತಿ ಬೇಸಿಗೆ ಒಂದು ಚಿಟಿಕೆ ಮಣ್ಣು ನಾಲಿಗೆಗಿಟ್ಟು ನೋಡಿ ಉಗುಳುತ್ತಿದ್ದ. "ಇನ್ನೂ ಅದ," ಎನ್ನುತ್ತಿದ್ದ.

ಈ ಬೇಸಿಗೆ ಅವನು ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿದ್ದ. ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ನಡೆದಿತ್ತು. ಅವನ ಹಟಕ್ಕೆ ಸೋತು ಹೆಂಡತಿ ತುಳಜಾಬಾಯಿ ಸೆರಗಿನ ತುದಿಗೆ ಹೊಲದ ಮಣ್ಣು ಕಟ್ಟಿಕೊಂಡು ಬಂದಳು. ದತ್ತಪ್ಪ ಚಿಟಿಕೆ ಮಣ್ಣು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ.

"ಸವಳು ಹೋಗ್ಯಾದ ತುಳಜಾ. ಈ ವರ್ಷ ಕೆಂಪು ಬಾಳಿ ಹಚ್ಚು."

"ಹೂಂ ರೀ, ಹಚ್ತೀನಿ," ಎಂದಳು ಅವಳು.

ಒಂದು ತಿಂಗಳಿಂದ ಅವನಿಗೆ ಗಂಜಿಗೆ ಉಪ್ಪು ಹಾಕಿದ್ದೂ ಬಿಟ್ಟಿದ್ದೂ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಬದುವಿನ ಮೇಲೆ ನಿಂತು ತುಳಜಾಬಾಯಿ ಅದೇ ಮಣ್ಣನ್ನು ತಾನೂ ನಾಲಿಗೆಗಿಟ್ಟು ನೋಡಿದ್ದಳು. ಬಸ್ಸಿಳಿದು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೂ ಅವಳ ಬಾಯಿಂದ ಉಪ್ಪು ಹೋಗಿರಲಿಲ್ಲ.